ಖಾಲಿ ತೂಕ

ಗುರುವಾರ, ಎರಡನೇ ಪಾಳಿ.
ಕಬ್ಬಿನ ಲಾರಿ, ಟ್ರಾಕ್ಟರು ಗೇಟಿನಿಂದ ಹೆದ್ದಾರಿವರೆಗೆ.
ಬೋರಲಿಂಗಯ್ಯ ತೂಕದ ಕೋಣೆಯ ಕುರ್ಚಿ ಬಿಟ್ಟೆದ್ದು
"ಒಂದ್ ಗಳಿಗೆ ನೋಡ್ಕಳಯ್ಯ" ಅಂದ.
ನೋಡಿಕೊಳ್ಳುತ್ತಲೇ ಇದ್ದೇನೆ.
ಹತ್ತೊಂಬತ್ತು ದಿನವಾಯಿತು.

ಅವನು ಒತ್ತಿದ ಚೀಟಿ ಯಂತ್ರದ ಬಾಯಲ್ಲಿ ಅರ್ಧ ಇಣುಕಿತ್ತು.
ಲೋಟದ ಟೀ ಕೆನೆ ಕಟ್ಟಿತ್ತು.
ಗೋಡೆಯ ಮೊಳೆಗೆ ಹಾಗೇ ಅವನ ಜರ್ಕಿನ್,
ಜೇಬಿನಲ್ಲಿ ಎರಡು ಏಲಕ್ಕಿ, ಒಂದು ಬಸ್ ಟಿಕೆಟ್ಟು,
ಊರಿನ ಹೆಸರು ಬೆವರಿಗೆ ಅಳಿಸಿಹೋಗಿದೆ.
ಮೇಜಿನಡಿ ಕೆಲಸದ ಚಪ್ಪಲಿ, ಎಡದ ಹಿಮ್ಮಡಿ ಸವೆದದ್ದು.
ಬರಿಗಾಲಲ್ಲಿ ಹೋದನೇ?
ಹೊಸ ಜೊತೆ ಮೊದಲೇ ತಂದಿಟ್ಟಿದ್ದನೇ?
ಇದೊಂದು ಗೊತ್ತಾದರೆ ಸಾಕು ಅನ್ನಿಸುತ್ತದೆ ಕೆಲವು ರಾತ್ರಿ.

ಆಫೀಸಿನವರು ಹಲಗೆಗೆ ಹಾಳೆ ಅಂಟಿಸಿದರು:
ಸದರಿ ನೌಕರರು ಇನ್ನು ಮುಂದೆ ಕರ್ತವ್ಯದಲ್ಲಿರುವುದಿಲ್ಲ.
ಹನ್ನೆರಡು ವರ್ಷದಲ್ಲಿ ಒಬ್ಬರಾದರೂ
ಅವನನ್ನು ಸದರಿ ಅಂದದ್ದಿಲ್ಲ.

"ಮಗಳ ಮನೇಲಿ ಏನೋ ಆಗದೆ ಕಣಪ್ಪ" ಅಂದಳು ಕ್ಯಾಂಟೀನಿನ ಸಾಕಮ್ಮ.
ಅವನಿಗೆ ಮಗಳಿಲ್ಲ.
"ಮೈಸೂರಲ್ಲಿ ಜೋಡಿ ಸೈಟಂತೆ, ಎಲ್ಲಿಂದ್ ಬತ್ತು ದುಡ್ಡು?"
ಗೇಟಿನ ದ್ಯಾವರಾಜು ಕಣ್ಣು ಹೊಡೆದ.
ಸಕ್ಕರೆ ಕಾಯಿಲೆ ಅಂದರು ಯಾರೋ,
ಸಕ್ಕರೆ ಕಾರ್ಖಾನೆಯವನಿಗೆ ಇನ್ನೇನು ಬಂದೀತು ಎಂದು
ಎಲ್ಲ ನಕ್ಕೆವು. ನಾನೂ ನಕ್ಕೆ.

ಗುತ್ತಲಿನ ಬಾಡಿಗೆ ಮನೆಗೆ ಹೋಗಿ ಬಂದೆ.
ಬೀಗ. ಬೀಗದ ಸಂದಿಯಲ್ಲಿ ಹಾಲಿನವನ ಲೆಕ್ಕದ ಚೀಟಿ:
ಬಾಕಿ ಇಲ್ಲ.
ಹಾಲಿನವನಿಗೆ ಹೇಳಿದ್ದಾನೆ!
ಒಂದೇ ಡಬ್ಬಿಯಲ್ಲಿ ಹುರುಳಿ ಬಸ್ಸಾರು ಉಂಡವನಿಗೆ,
ರಾತ್ರಿಪಾಳಿಯಲ್ಲಿ ತಾನು ಎಚ್ಚರವಿದ್ದು ನಿದ್ದೆ ಕೊಟ್ಟವನಿಗೆ
ಒಂದು ಗಳಿಗೆ ಅಂದ, ಅಷ್ಟೆ.

ಕೆಲಸ ಕಲಿಸಿದವನೇ ಅವನು.
ಮೊದಲು ತುಂಬಿದ ಗಾಡಿ ಹತ್ತಲಿ, ಬರಕೋ.
ಕಬ್ಬು ಸುರಿದು ಬರಲಿ, ಖಾಲಿ ಗಾಡಿ ಬರಕೋ.
ಕಳೆ. ಉಳಿದದ್ದು ಕಬ್ಬು.
ತುಂಬಿದ್ದು ಎಲ್ಲರಿಗೂ ಕಾಣುತ್ತೆ,
ಖಾಲಿ ತೂಕದಲ್ಲಿ ಕಣ್ಣಿರಲಿ ಎನ್ನುತ್ತಿದ್ದ.
ಒಳಗೆ ಬಂದವನು ಈ ಕಡೆ ಮತ್ತೆ ಹಾಯದಿದ್ದರೆ
ಏನನ್ನು ಕಳೆಯಲಿ, ಏನರಲ್ಲಿ?

ಸೋಮವಾರ ಸೋಮವಾರ, ಮೊದಲ ಲಾರಿಗೆ ಮುಂಚೆ,
ಮೂಲೆಯ ಕಬ್ಬಿಣದ ಕಲ್ಲುಗಳನ್ನು ಒಂದೊಂದೇ ಹೊತ್ತು
ಕಾಟಾದ ಮೇಲೆ ಪೇರಿಸುತ್ತಿದ್ದ.
ಸರ್ಕಾರದ ಮುದ್ರೆಯ ಇಪ್ಪತ್ತು ಕೆ.ಜಿ. ಕಲ್ಲು, ಇಪ್ಪತ್ತೈದು.
ಪರದೆಯಲ್ಲಿ ಐನೂರು ಮೂಡಿದರೆ ಏಲಕ್ಕಿ ಬಾಯಿಗೆ.
ಹುಚ್ಚು ಅನ್ನುತ್ತಿದ್ದೆವು.
ಅವನು ಹೋದ ಮೇಲೆ ಆ ಕಲ್ಲು ಯಾರೂ ಮುಟ್ಟಿಲ್ಲ.

ನಿನ್ನೆ ರಾತ್ರಿ, ಸಾಲು ಕರಗಿದ ಮೇಲೆ, ಹೊತ್ತೆ.
ಸೊಂಟ ಬಿತ್ತು.
ನಾನೂರ ತೊಂಬತ್ತು.
ಇಳಿಸಿದೆ, ಎಣಿಸಿದೆ, ಮತ್ತೆ ಹೊತ್ತೆ.
ನಾನೂರ ತೊಂಬತ್ತು.

ಐನೂರಕ್ಕೆ ಹತ್ತು.
ಹದಿನೈದು ಟನ್ನಿನ ಲಾರಿಗೆ ಎಷ್ಟು,
ಹೆದ್ದಾರಿವರೆಗಿನ ಸಾಲಿಗೆ ಎಷ್ಟು
ಲೆಕ್ಕ ಹಾಕಲಿಲ್ಲ. ತಾನೇ ಆಯಿತು.
ಇದನ್ನು ಮಾಡಿ ಹೋದನೋ
ಇದನ್ನು ಮಾಡಲಾರದೆ ಹೋದನೋ.
ತುಕ್ಕಿಗೆ ಸವೆದಿರಬೇಕು ಕಲ್ಲು ಎಂದುಕೊಂಡೆ,
ಕೈ ಒರೆಸಿಕೊಂಡು ಮೂಲೆಗೆ ಜೋಡಿಸಿದೆ,
ಮುದ್ರೆಯ ಮುಖ ಗೋಡೆಗೆ.

ಬೆಳಿಗ್ಗೆ ಮೊದಲು ಹತ್ತಿದ್ದು ಮರಿಜೋಗಿಯ ಟ್ರಾಕ್ಟರು.
ಕಿಟಕಿಗೆ ಮೂಗೊತ್ತಿ ಕೇಳಿದ,
"ಸರ್ಯಾಗ್ ನೋಡ್ದಾ ಸಾಮಿ?"
"ಒಂದ್ ಗಳಿಗೆ" ಅಂದೆ.
ಯಾರ ಮಾತದು ಎಂದು ಆಮೇಲೆ ಹೊಳೆಯಿತು.
ಆದರೆ ನಾನು ಎದ್ದಿರಲಿಲ್ಲ, ಕೂತೇ ಇದ್ದೆ.
ಚೀಟಿ ಬಂತು.
ಹರಿದು ಕೊಟ್ಟೆ.