ಗಡ್ಡೆ ಆರಿಸುವವಳು

ಹಾಸನದ ಎಪಿಎಂಸಿ ಯಾರ್ಡಿನಲ್ಲಿ ಹದಿನೇಳು ವರ್ಷ
ಆಲೂಗಡ್ಡೆ ಆರಿಸಿದ ಕೈ ಇದು.
ಗೋಲಿ, ನಡುವಿನದು, ದಪ್ಪ. ರಾಶಿ ಮೂರು.
ಕಣ್ಣು ಮುಚ್ಚಿದರೂ ತಪ್ಪುವುದಿಲ್ಲ,
ಬೇಕಾದರೆ ಕಾಟಾದ ಸೋಮಣ್ಣನನ್ನು ಕೇಳಿ.

ಈ ಕೈಗೇ ಸಿಕ್ಕಿತ್ತು ಅದು, ಗೌರಿ ಹಬ್ಬದ ಹಿಂದಿನ ರಾತ್ರಿ,
ಬೋರಲಿಂಗನ ತೊಡೆಗೆ ಎಣ್ಣೆ ತಿಕ್ಕುವಾಗ.
ಗೋಲಿ ಗಾತ್ರ.
"ಮೂಟೆ ತಗುಲಿದ್ದು ಕಣೆ" ಅಂದ.
ಲಾರಿಗೆ ಮೂಟೆ ಹೊರುವವನಿಗೆ ಮೂಟೆಯಲ್ಲದೆ ಇನ್ನೇನು ತಗುಲೀತು?
ನಾನೂ ನಂಬಿದೆ.

ದೀಪಾವಳಿಗೆ ನಡುವಿನ ರಾಶಿಗೆ ಬಂತು.
ಸಂಕ್ರಾಂತಿಗೆ ದಪ್ಪ.
ನೋವಿಲ್ಲ, ಅಷ್ಟೇ ಅವನ ವಾದ.
ನೋವಿಲ್ಲದ್ದಕ್ಕೆ ಯಾರು ಕೂಲಿ ಬಿಡುತ್ತಾರೆ?
ಒತ್ತಿದರೆ ಜಾರುತ್ತಿರಲಿಲ್ಲ. ಆಳದಲ್ಲಿ ಎಲ್ಲೋ
ಬೇರು ಬಿಟ್ಟ ಹಾಗೆ ಕೂತಿತ್ತು.

ಯಾರ್ಡಿಗೆ ಗೊತ್ತಾಯಿತು, ಮದ್ದು ಬರತೊಡಗಿದವು.
ಟೀ ಅಂಗಡಿಯವನು ಸುಣ್ಣ ಬೆಲ್ಲ ಕಲಸಿ ಕಟ್ಟು ಅಂದ.
ಓರಗಿತ್ತಿ ಅಂದಳು: ಕೊಬ್ಬಿನ ಗಂಟು, ನಮ್ಮಪ್ಪನಿಗೂ ಇತ್ತು,
ಅದನ್ನಿಟ್ಟುಕೊಂಡೇ ಸತ್ತರು, ಎಂಬತ್ತಾರಕ್ಕೆ.
ಕಾಂಪೌಂಡರ್ ಆಗಿದ್ದ ರುದ್ರಮುನಿ ಮಾತ್ರ ದಿನ ಕೊಟ್ಟ:
"ಭಾನುವಾರ ಬನ್ನಿ. ಹತ್ತು ನಿಮಿಷ. ಕುಯ್ದು ಬಿಸಾಕ್ತೀನಿ. ಎರಡು ಸಾವಿರ."
ಎಣಿಸಿ, ಸೆರಗಿಗೆ ಗಂಟು ಹಾಕಿಟ್ಟೆ.

ತಡೆದದ್ದು ಮೇ ತಿಂಗಳು.
ಜಲಂಧರದ ಬಿತ್ತನೆ ಗಡ್ಡೆ ಇಳಿದಿತ್ತು,
ಮೊಸಳೆಹೊಸಹಳ್ಳಿಯ ಹೊಲದಲ್ಲಿ ಬೀಜ ಕುಯ್ಯುವ ಕೂಲಿ.
ಪಕ್ಕದ ಹೊಸ ಹುಡುಗಿ ಸರಸರ ಕುಯ್ಯುತ್ತಿದ್ದಳು. ಗದರಿದೆ:
"ಕಣ್ಣು ನೋಡದೆ ಕುಯ್ಯುತ್ತೀಯಲ್ಲೇ,
ಒಂದರ ಕೊಳೆ ಕತ್ತಿ ಹತ್ತಿ ಎಲ್ಲಕ್ಕೂ ಹೋಗುತ್ತೆ!"
ಅಂದ ಮಾತು ನನ್ನ ಕಿವಿಗೇ ವಾಪಸು ಬಿತ್ತು.

ಸೋಮವಾರ ದೊಡ್ಡಾಸ್ಪತ್ರೆಯ ಸಾಲಿನಲ್ಲಿದ್ದೆವು.
ಡಾಕ್ಟರ್ ಶಾಹೀನಾ, ನನ್ನ ಮಗಳಿಗಿಂತ ತುಸು ದೊಡ್ಡವಳು,
ಟೇಪು ಹಿಡಿದಳು: ಏಳು ಸೆಂಟಿಮೀಟರ್.
"ಐದು ದಾಟಿದ್ದು, ಬೆಳೆಯುತ್ತಿರುವುದು, ಆಳದಲ್ಲಿರುವುದು,
ನೋವಿರಲಿ ಬಿಡಲಿ, ತೋರಿಸಬೇಕಮ್ಮ.
ಹೆಚ್ಚಿನ ಗಂಟು ಏನೂ ಅಲ್ಲ.
ಇದೂ ಏನಲ್ಲ ಅನ್ನೋಕೆ ಒಳಗೆ ನೋಡಬೇಕು."
ಮೊದಲು ಎಂಆರ್‌ಐ. ಆಮೇಲೆ ಸೂಜಿಯಲ್ಲಿ ಒಂದೆಳೆ ಮಾಂಸ.
ಅದಕ್ಕೂ ಮುಂಚೆ ಕತ್ತಿ ಬೇಡ.

ಹೆಸರು ಬಂತು: ಸಾರ್ಕೋಮ.
ಕ್ಯಾನ್ಸರ್ ಕೇಳಿದ್ದೆವು, ಬೀಡಿಯವರದು, ಹೊಗೆಸೊಪ್ಪಿನವರದು.
ಇದು ಮಾಂಸದ್ದು, ಕೊಬ್ಬಿನದು, ಮೂಳೆಯದೂ ಇದೆಯಂತೆ,
ಮೂಟೆ ಹೊತ್ತದ್ದಕ್ಕೆ ಬಂದದ್ದಲ್ಲವಂತೆ.
ಬೋರಲಿಂಗ ಆ ಹೆಸರನ್ನು ಎರಡು ಸಲ ಮೆಲ್ಲಗೆ ಹೇಳಿ ನೋಡಿದ,
ಕೇಳದ ಊರಿಗೆ ಬಸ್ಸಿದೆಯೇ ಎಂದು ವಿಚಾರಿಸುವವನ ಹಾಗೆ.

ರಾತ್ರಿ ಮಗಳು ಫೋನು ತೆರೆದಳು. ರಾಶಿ ಸುರಿಯಿತು.
ಒಬ್ಬ ಆರು ತಿಂಗಳು ಅಂದ.
ಒಬ್ಬ ಎಲೆಯ ರಸ ಅಂದ, ಕೆಳಗೇ ಬಾಟಲಿಯ ಬೆಲೆ.
"ಜೋರಾಗಿ ಓದೇ" ಅಂದೆ. ಓದು ಬರದು, ಆರಿಸುವುದು ಬರುತ್ತದೆ.
ಹೇಳಿದವರು ಯಾರು? ಯಾವ ವರ್ಷದ ಮಾತು?
ಹೇಳಿ ಮುಗಿಸಿ ಏನಾದರೂ ಮಾರುತ್ತಾರಾ?
ಹಸಿರು ತಿರುಗಿದ ಗಡ್ಡೆ ತಿನ್ನಬಾರದು.
ನುಣ್ಣಗಿದ್ದು ಒಳಗೆ ಟೊಳ್ಳು, ಅಂಥವೇ ಹೆಚ್ಚು.
ಉಳಿದದ್ದು ಒಂದು ಹಿಡಿ.
ಚೀಟಿಯಲ್ಲಿ ಬರೆಸಿ ಶಾಹೀನಾಗೇ ಒಯ್ದೆ.
ಒಂದಕ್ಕೆ ಗೀಟು ಎಳೆದಳು, ಎರಡಕ್ಕೆ ಹೌದು ಅಂದಳು,
ಕೊನೆಯದಕ್ಕೆ, "ನನಗೂ ಗೊತ್ತಿಲ್ಲ. ಬೆಂಗಳೂರಿನವರನ್ನ ಕೇಳಿ ಹೇಳ್ತೀನಿ."
ಆ ಗೊತ್ತಿಲ್ಲ ಕೇಳಿದ ಮೇಲೆಯೇ
ನನಗೆ ಧೈರ್ಯ ಬಂದದ್ದು.

ಕಾಲು ಉಳಿಯಿತು. ತೊಡೆಯಲ್ಲೊಂದು ಹಳ್ಳ, ಗೇಣುದ್ದ ಹೊಲಿಗೆ.
ಈಗ ಮೂಟೆ ಹೊರುವುದಿಲ್ಲ, ಗೇಟಿನಲ್ಲಿ ಲಾರಿ ಚೀಟಿ ಬರೆಯುತ್ತಾನೆ.
ಮೂರು ತಿಂಗಳಿಗೊಮ್ಮೆ ಸ್ಕ್ಯಾನು.
ಹಿಂದಿನ ರಾತ್ರಿ ಇಬ್ಬರೂ ನಿದ್ದೆ ಬಂದವರ ಹಾಗೆ ಮಲಗುತ್ತೇವೆ.

ನಿನ್ನೆ ಹಮಾಲಿ ಮಸ್ತಾನ್ ನೀರಿಗೆ ಬಂದವನು
ತೋಳು ಉಜ್ಜಿಕೊಂಡ.
"ಮೂಟೆ ತಗುಲಿದ್ದು, ಬಿಡಕ್ಕ."
ರಾಶಿಯಿಂದ ಒಂದು ಗಡ್ಡೆ ತೆಗೆದು ಅವನ ಅಂಗೈಗಿಟ್ಟೆ:
"ಇಷ್ಟಿದೆಯಾ? ಇದಕ್ಕಿಂತ ದೊಡ್ಡದಾ?"
ಅವನು ನಗಲಿಲ್ಲ.