ಹಾಕಿದೆ

ಹುಮನಾಬಾದ ಠಾಣೆಯ ಹಿಂದೆ, ಜಾಲಿಗಿಡದ ಕೆಳಗೆ
ನುಜ್ಜಾದ ಬಿಳಿ ಕಾರು.
ಗೇರಿನ ಬುಡದಿಂದ ಜಿಲಾನಿ ಬಿಚ್ಚಿಕೊಟ್ಟ ಡಬ್ಬಿ
ಸಾಬೂನು ಪೆಟ್ಟಿಗೆಯಷ್ಟು. ಒಳಗೆ ಐದೇ ಸೆಕೆಂಡು.

ತೊಂಬತ್ತೆರಡು. ತೊಂಬತ್ತೆರಡು. ತೊಂಬತ್ತು,
ಇಲ್ಲಿ ಕಾಲು ತೆಗೆದಿದ್ದಾನೆ.
ಎಪ್ಪತ್ತೊಂದು. ಬ್ರೇಕು ಪೂರ್ತಿ, ಸ್ಟೇರಿಂಗು ಎಡಕ್ಕೆ.
ಮುಂದೆ ಕಬ್ಬಿನ ಟ್ರಾಲಿ, ದೀಪವಿಲ್ಲದ್ದು.
ಅದರ ಹೊಟ್ಟೆಯಲ್ಲಿ ಯಾವ ಡಬ್ಬಿಯೂ ಇಲ್ಲ.

ಬೆಲ್ಟು: ಹಾಕಿದೆ.

ನಿಜವೇ. ಇನ್ನೂ ಹಾಕಿಯೇ ಇದೆ,
ಖಾಲಿ ಸೀಟಿನ ಬೆನ್ನಿಗೆ ಬಿಗಿದು.
ವೈಜಿನಾಥ ಮಾತ್ರ ಹದಿನಾಲ್ಕು ಮಾರು ಆಚೆ
ತೊಗರಿ ಹೊಲದಲ್ಲಿ ಸಿಕ್ಕ.

ಮೂರನೆಯ ದಿನ ಹೆಂಡತಿ ಬಂದಳು,
ಗಾಡಿಯಲ್ಲುಳಿದ ಹಾಲಿನ ಬಾಟಲಿಗೆ.
ನಾನು ಕೇಳಲಿಲ್ಲ, ತಾನೇ ಅಂದಳು:
"ಹೋದ ಐತವಾರ ಕೂಸ ಮಲಗಿತ್ರಿ.
ಟಿಣ್ ಟಿಣ್ ಅಂತ ಒಂದೇ ಸವನೆ ಒದರತಿತ್ತು ಗಾಡಿ.
ನಾನೇ ಅವರ ಬೆನ್ನ ಹಿಂದಿಂದ ಎಳದು ಸಿಗಿಸಿದೆ.
ಆಮ್ಯಾಲ ಯಾರೂ ತೆಗೀಲೇ ಇಲ್ರಿ."

ಫಾರಮಿನಲ್ಲಿ ಎರಡೇ ಮನೆ: ಹೌದು, ಇಲ್ಲ.
ಜಿಲಾನಿ ತಂದಿಟ್ಟ ಚಹಾ ಕೆನೆಗಟ್ಟಿತು.

ಆಕೆ ಒಡೆದ ಕಿಟಕಿಯೊಳಗೆ ಕೈ ತೂರಿಸಿ
ಕೆಂಪು ಗುಂಡಿ ಒತ್ತಿದಳು.
ಕೊಂಡಿ ಟಕ್ಕೆಂದು ಬಿಟ್ಟಿತು.
ಪಟ್ಟಿ ಸುರುಳಿಗೆ ಹೋಗದೆ ಜೋತುಬಿತ್ತು.
ಬಾಟಲಿ ಎದೆಗೊತ್ತಿ ಸ್ವಲ್ಪ ಹೊತ್ತು ನಿಂತಳು.

ಗಾಡಿ ಒದರಲಿಲ್ಲ.