ಒಡೆದದ್ದು

ಕಾಸರಗೋಡಿನ ಅಷ್ಟೂ ಬೇಕರಿಗಳ ಬೆನ್ನು ನನಗೆ ಗೊತ್ತು.
ಬೆಳಿಗ್ಗೆ ಐದೂವರೆಗೆ ಟೆಂಪೊ ರಿವರ್ಸ್ ಹಾಕಿ,
ಮೂವತ್ತರ ಟ್ರೇ ಏಳನ್ನು ಒಟ್ಟಿಗೇ ಎದೆಗವುಚಿ,
ಓಣಿಯಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆಯುವವನು.
ತಾಯಲಂಗಡಿಯ ಹಿಂದೆ ಒಕ್ಕಣ್ಣಿನ ಬೆಕ್ಕು,
ಕರಂದಕ್ಕಾಡಿನಲ್ಲಿ ಚರಂಡಿ ಮೇಲೆ ಅಲ್ಲಾಡುವ ಕಲ್ಲು,
ನುಳ್ಳಿಪ್ಪಾಡಿಯಲ್ಲಿ ಹಗ್ಗಕ್ಕೆ ನೇತುಬಿದ್ದ ಮೈದಾ ಬಳಿದ ಬನಿಯನ್ನು.
ಇವೇ ನನಗೆ ಬೋರ್ಡು.

ಒಂದು ಬಾಗಿಲಲ್ಲಿ ಮುಟ್ಟ ಅನ್ನುತ್ತಾರೆ,
ಇನ್ನೊಂದರಲ್ಲಿ ತೆತ್ತಿ,
ಲೋಬೋ ಬಾಯಿಯ ಹಳೇ ಒಲೆಮನೆಯಲ್ಲಿ ತಾಂತಿ,
ರಾತ್ರಿಪಾಳಿಯ ಹುಡುಗರಿಗೆ ಅಂಡಾ.
ನನ್ನ ಲೆಕ್ಕದ ಪುಸ್ತಕದಲ್ಲಿ ಮಾತ್ರ
ಮೊಟ್ಟೆ ೨೧೦, ಒಡೆದದ್ದು ೩.
ಒಡೆದದ್ದಕ್ಕೆ ಯಾವ ಭಾಷೆಯಲ್ಲೂ ದುಡ್ಡಿಲ್ಲ.

ಮೊನ್ನೆ ವಾರಿಜಾ ಕೇಳಿದಳು:
"ಹತ್ತೊಂಬತ್ತು ವರ್ಷದಿಂದ ಊರಿಗೆಲ್ಲ ಮೊಟ್ಟೆ ಹಾಕ್ತೀರಿ,
ಆಮೇಲೆ ಅದು ಎಂತ ಆಗ್ತದೇಂತ
ಒಮ್ಮೆಯಾದರೂ ನೋಡಿದ್ದುಂಟಾ?
ಕೋಳಿಯಾದರೂ ಒಂದು ಸಲ ತಿರುಗಿ ನೋಡ್ತದೆ."

ಶನಿವಾರ ಸಂಜೆ ಇಸ್ತ್ರಿ ಅಂಗಿ ಹಾಕಿ ಹೊರಟೆ.

ಗಾಜಿನ ಬಾಗಿಲು. ತಳ್ಳುವುದೋ, ಎಳೆಯುವುದೋ?
ಹಿಂಬಾಗಿಲಿಗೆ ಈ ಸಮಸ್ಯೆ ಇಲ್ಲ,
ಇಟ್ಟಿಗೆ ಅಡ್ಡ ಕೊಟ್ಟು ತೆರೆದೇ ಇಟ್ಟಿರುತ್ತಾರೆ.
ಒಳಗೆ ಎಸಿ, ಗೋಡೆ ತುಂಬ ಪ್ಲಾಸ್ಟಿಕ್ ಬಳ್ಳಿ,
ದುಬೈಯಿಂದ ಬಂದ ಹುಡುಗನೊಬ್ಬ
ತಿನ್ನುವ ಮೊದಲು ಕುನಾಫದ ಫೋಟೋ ಹಿಡಿಯುತ್ತಿದ್ದ,
ಅದು ಅಳುವ ಮಗುವೋ ಎಂಬಂತೆ ತಿರುಗಿಸಿ ತಿರುಗಿಸಿ.
ಮೆನು ಇಂಗ್ಲಿಷು, ಕೆಳಗೆ ಮಲಯಾಳ.
ಮುಳ್ಳೇರಿಯದ ಕನ್ನಡ ಶಾಲೆಯ ಹುಡುಗಿ
ಬೆರಳಿಟ್ಟದ್ದು ಚಿತ್ರಗಳ ಮೇಲೆ.

ನಾನು ಗಾಜಿನ ಪೆಟ್ಟಿಗೆಯ ಎದುರು ನಿಂತು ಲೆಕ್ಕ ಹಾಕಿದೆ:
ಆ ಚಾಕಲೇಟಿನದ್ದಕ್ಕೆ ನಾಲ್ಕು.
ಈ ಪುಡ್ಡಿಂಗಿಗೆ ಆರು, ಕಡಿಮೆ ಇಲ್ಲ.
ಆ ಬಿಳಿ ಮೋಡಕ್ಕೆ ಬರೀ ಬಿಳಿ. ಹಾಗಾದರೆ ಹಳದಿ ಎಲ್ಲಿಗೆ ಹೋಯಿತು?

ಹಳದಿ ಎರಡನೇ ಅಂಗಡಿಯಲ್ಲಿ ಸಿಕ್ಕಿತು.
ಉದ್ದ ಲೋಟ, ಐಸ್‌ಕ್ರೀಮಿನ ಮೇಲೆ
ಮುಟ್ಟಮಾಲೆಯ ಎಳೆ ಎಳೆ,
ಸಕ್ಕರೆ ಪಾಕ ಕುಡಿದು ಹೊಳೆಯುತ್ತಿತ್ತು.
ವಾರಿಜಾ ಚಮಚದಲ್ಲಿ ಒಂದೆಳೆ ಎತ್ತಿ
ದೀಪಕ್ಕೆ ಹಿಡಿದು ನೋಡಿದಳು,
ಅಕ್ಕಸಾಲಿಗನ ಅಂಗಡಿಯಲ್ಲಿ ನೋಡುವ ಹಾಗೆ.
"ಇದು ನಿಮ್ಮದಾ?"
ಇರಬಹುದು ಅಂದೆ.
ಮೊಟ್ಟೆಯ ಮೇಲೆ ಹೆಸರು ಬರೆದಿರುವುದಿಲ್ಲ ಮಾರಾಯ್ತಿ.
ಅವಳು ಆದರೂ ಸ್ವಲ್ಪ ನಿಧಾನವಾಗಿ ತಿಂದಳು.

ಮೂರನೆಯದು ಹೊಸ ಬಸ್‌ ನಿಲ್ದಾಣದ ಹತ್ತಿರ, ಮಹಡಿಯ ಮೇಲೆ.
ಕಿಟಕಿಯ ಕೆಳಗೆ ಹೆದ್ದಾರಿಯ ಕಂಬಗಳು, ಧೂಳು,
ಹಾರ್ನುಗಳೆಲ್ಲ ಗಾಜಿನಾಚೆ ಮೂಕ.
ಒಳಗಿನಿಂದ ಬಿಸಿ ಟ್ರೇ ಹಿಡಿದು ದಿಪೇನ್ ಬಂದ.
ಅಸ್ಸಾಮಿನವನು. ಏಳು ವರ್ಷ ದಿನಾ ನೋಡಿದ ಮುಖ,
ಒಲೆಯ ಕೆಂಪು ಬೆಳಕಿನಲ್ಲಿ ಮಾತ್ರ.
ಇಲ್ಲಿ ಅವನ ತಲೆ ಮೇಲೆ ಕಾಗದದ ಟೊಪ್ಪಿ,
ನನ್ನ ಮೈ ಮೇಲೆ ಇಸ್ತ್ರಿ.
ಕಳ್ಳರಿಬ್ಬರು ಪೋಲೀಸ್‌ ಠಾಣೆಯಲ್ಲಿ ಎದುರಾದಂತೆ
ಒಂದು ಗಳಿಗೆ ನಿಂತೆವು.
ಅವನು ವಾರಿಜಾಳನ್ನು ನೋಡಿದ, ನನ್ನನ್ನು ನೋಡಿದ,
ಟ್ರೇ ಇಟ್ಟ.
"ಭಯ್ಯಾ, ನಾಳೆ ಎಂಟು ಟ್ರೇ."
ಅಷ್ಟೇ. ಒಳಗೆ ಹೋದ.
ಸ್ವಲ್ಪ ಹೊತ್ತಿಗೆ ನಮ್ಮ ಮೇಜಿಗೆ
ನಾವು ಹೇಳದ ಒಂದು ಕ್ರೀಂ ಬನ್ನು ಬಂತು,
ಅಂಚು ಒಂದಿಷ್ಟು ಕರಟಿದ್ದು,
ಮಾರಲಿಕ್ಕಾಗದ್ದು.
ಆ ಸಂಜೆ ತಿಂದದ್ದರಲ್ಲಿ ರುಚಿ ಅಂದರೆ ಅದೇ.

ಬಿಲ್ಲು ಮೂರೂ ಸೇರಿ ಆರುನೂರ ಮೂವತ್ತು.
ಮೂರು ಟ್ರೇ, ತೊಂಬತ್ತು ಮೊಟ್ಟೆ, ಅಂದೆ, ಸ್ಕೂಟರಿನಲ್ಲಿ.
ಬೆನ್ನಿಗೆ ಅವಳ ನಗು ತಾಗಿತು.
"ಒಡೆದದ್ದು ಅಂತ ಬರೆಯಿರಿ."

ಬರೆದೆ.